ಊರ ಹೆಸರಿಗೆ ನಕಾಶೆಯ ಸಾಕ್ಷಿ: ಅಕ್ಕಲಕೋಟ ತಾಲೂಕಿನ ಹಳ್ಳಿ, ಹಳ್ಳ, ಮಡ್ಡಿಗಳ ಹೆಸರನ್ನು ಗುರುತಿಸುವ ಬಗೆ

ಶಾಲಾ ಪ್ರವೇಶದ ದಿನಗಳಲ್ಲಿ ಪಾಲಕರೊಬ್ಬರು ಮೂರು ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟರು. ಒಂದು, ಅವರ ತಂದೆಯವರು ಶಾಲೆ ಬಿಟ್ಟ ದಾಖಲೆ, ಅದು ಕನ್ನಡದಲ್ಲಿತ್ತು. ಇನ್ನೊಂದು, ಹೊಲದ ಸಾತ್‌ಬಾರಾ ಉತಾರಾ, ಅದು ಮರಾಠಿಯಲ್ಲಿತ್ತು. ಮೂರನೆಯದು ಆಧಾರ್ ಕಾರ್ಡು. ಅದರಲ್ಲಿ ಇಂಗ್ಲಿಷ್ ಅಕ್ಷರಗಳೂ ಇದ್ದವು. ಊರು ಒಂದೇ, ಅದರ ಹೆಸರು ಮಾತ್ರ ಮೂರು ಬಗೆಯಾಗಿತ್ತು. ಮಗನ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಹೋದಾಗ, ಈ ಮೂರೂ ಒಂದೇ ಊರೆಂಬುದಕ್ಕೆ ಆಧಾರ ತನ್ನಿರೆಂದು ಹೇಳಿ ಅವರನ್ನು ಮರಳಿ ಕಳುಹಿಸಿದ್ದರು. "ಸರ್, ಇದರಾಗ ನಮ್ಮೂರ ಖರೇ ಹೆಸರು ಯಾವುದರೀ?" ಎಂದು ಅವರು ಕೇಳಿದರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಮಹಾರಾಷ್ಟ್ರದಲ್ಲಿ ಇತರೆ ಹಿಂದುಳಿದ ವರ್ಗದವರು ಜಾತಿಯ ಪುರಾವೆಗಾಗಿ 1967ರ ಅಕ್ಟೋಬರ್ 13ಕ್ಕಿಂತ ಹಿಂದಿನ ದಾಖಲೆಗಳನ್ನು ಹುಡುಕಬೇಕಾಗುತ್ತದೆ. ಕನ್ನಡ ಮಾಧ್ಯಮದ ಕುಟುಂಬಗಳಲ್ಲಿ ಅಂತಹ ಹಳೆಯ ದಾಖಲೆಯೆಂದರೆ ಬಹುಮಟ್ಟಿಗೆ ಅಜ್ಜ, ಮುತ್ತಜ್ಜರು ಓದಿದ ಕನ್ನಡ ಶಾಲೆಯ ರಜಿಸ್ಟರು. ಅದರಲ್ಲಿ ಊರ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಇರುತ್ತದೆ. ಕಂದಾಯದ ಕಾಗದದಲ್ಲಿ ಬೇರೆಯಾಗಿರುತ್ತದೆ. ಹೀಗಿರುವಾಗ ಊರಿನ ಹೆಸರನ್ನು ಹಳೆಯ ನಕಾಶೆಗಳ ಸಹಾಯದಿಂದ ಗಟ್ಟಿಯಾಗಿ ಗುರುತಿಸುವುದು ಹೇಗೆಂಬುದನ್ನು ಪಾಲಕರಿಗೂ ಮಕ್ಕಳಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರು ಕಾಗದಕ್ಕೆ ಇಳಿದ ದಾರಿ

ನಮ್ಮ ತಾಲೂಕಿನ ಹಳ್ಳಿಯೊಂದರ ಹೆಸರು ಎಷ್ಟು ಕೈಗಳನ್ನು ದಾಟಿ ಬಂದಿದೆಯೆಂಬುದನ್ನು ಮೊದಲು ನೆನೆಯಬೇಕು. ಊರಿನ ಒಕ್ಕಲಿಗನು ಕನ್ನಡದಲ್ಲಿ ಹೆಸರು ಹೇಳಿದನು. ಕುಲಕರ್ಣಿಯು ಅದನ್ನು ಮೋಡಿ ಲಿಪಿಯಲ್ಲಿ ಬರೆದನು. ಸರ್ವೆಯವರು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಕಾಶೆಗೆ ಏರಿಸಿದರು. ಮುಂದೆ ಇಂಗ್ಲಿಷಿನಿಂದ ನಾಗರಿಗೆ, ನಾಗರಿಯಿಂದ ಕನ್ನಡ ಫಲಕಕ್ಕೆ ಅದು ಮರಳಿ ಬಂದಿತು. ಹೊರಟ ಹೆಸರೇ ಮರಳಿ ಬಂದಿತೆಂದು ಹೇಳುವಂತಿಲ್ಲ.

ಪ್ರತಿಯೊಂದು ಲಿಪಿಯೂ ಏನನ್ನಾದರೂ ಕಳೆಯುತ್ತದೆ. ಮೋಡಿಯಲ್ಲಿ ಇ-ಈ, ಉ-ಊ ಎಂಬ ಹ್ರಸ್ವ ದೀರ್ಘಗಳ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಮರಾಠಿಯ ನಾಗರಿಯಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಲ-ಳ, ನ-ಣ, ದ-ಡ, ತ-ಟಗಳು ಒಂದಾಗಿಬಿಡುತ್ತವೆ. ಹೊಟಗಿಯೋ ಹೋಟಗಿಯೋ ಎಂಬುದನ್ನು ರೈಲು ನಿಲ್ದಾಣದ ಇಂಗ್ಲಿಷ್ ಫಲಕವೂ ಹೇಳಲಾರದು, ಮರಾಠಿ ಫಲಕವೂ ಹೇಳಲಾರದು. ಚಿಕ್ಕೇಹಳ್ಳಿ, ಬಾಗೇಹಳ್ಳಿಗಳ 'ಳ್ಳಿ'ಯನ್ನು ಇಂಗ್ಲಿಷ್ ನಕಾಶೆ 'ಲ್ಲಿ'ಯಾಗಿಯೇ ತೋರಿಸುತ್ತದೆ. ಅಕ್ಕಲಕೋಟ ಎಂಬ ಹೆಸರೇ ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಒಂದೇ 'ಕ'ಕಾರದಿಂದ ಅಕಲಕೋಟ ಎಂದು ಅಚ್ಚಾಗಿದೆ. ಅದನ್ನು ನೋಡಿ ಊರ ಮೂಲ ಹೆಸರು ಅಕಲಕೋಟವೆಂದು ಯಾರಾದರೂ ವಾದಿಸಿದರೆ ನಾವು ಒಪ್ಪುವೆವೇ? ಹಳೆಯ ನಕಾಶೆಯಲ್ಲಿದೆ ಎಂದ ಮಾತ್ರಕ್ಕೆ ಒಂದು ರೂಪವು ಮೂಲವಾಗುವುದಿಲ್ಲ. ನಕಾಶೆಯು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಮೊದಲ ಸಾಕ್ಷಿ: ಸರ್ವೆ ಆಫ್ ಇಂಡಿಯಾದ ಹಾಳೆ

ಭಾರತ ಸರ್ವೇಕ್ಷಣ ಇಲಾಖೆಯು 1767ರಲ್ಲಿ ಸ್ಥಾಪನೆಯಾಯಿತು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1802ರಲ್ಲಿ ಮದರಾಸಿನ ಬಳಿ ಆರಂಭಿಸಿದ ತ್ರಿಕೋನ ಮಾಪನವು ದಖ್ಖನಿನ ಮೂಲಕ ಉತ್ತರಕ್ಕೆ ಸಾಗಿತು. ಆ ಅಳತೆಯ ಆಧಾರದ ಮೇಲೆ ಮುಂದೆ ಒಂದು ಇಂಚಿಗೆ ಒಂದು ಮೈಲಿ ಪ್ರಮಾಣದ ಹಾಳೆಗಳು ಸಿದ್ಧವಾದವು. ಈಗಿನ ಹಾಳೆಗಳ ಪ್ರಮಾಣ 1:50,000. ಅಂದರೆ ಕಾಗದದ ಮೇಲಿನ 2 ಸೆಂಟಿಮೀಟರು ನೆಲದ ಮೇಲೆ 1 ಕಿಲೋಮೀಟರು.

ಈ ಹಾಳೆಗಳಿಗೆ ಒಂದು ಸಂಖ್ಯಾಕ್ರಮವಿದೆ. ಅಕ್ಷಾಂಶ, ರೇಖಾಂಶಗಳಲ್ಲಿ ನಾಲ್ಕು ನಾಲ್ಕು ಅಂಶಗಳ ಚೌಕಕ್ಕೆ ಒಂದು ಸಂಖ್ಯೆ. ಅದರೊಳಗಿನ ಒಂದೊಂದು ಅಂಶದ ಚೌಕಕ್ಕೆ 'ಎ'ಯಿಂದ 'ಪಿ'ವರೆಗೆ ಒಂದು ಅಕ್ಷರ. ಅದನ್ನು ಮತ್ತೆ ಹದಿನಾರು ಭಾಗ ಮಾಡಿ 1ರಿಂದ 16ರವರೆಗೆ ಅಂಕಿ. ಸೋಲಾಪುರ ನಗರವು 76 ಅಂಶ ಪೂರ್ವ ರೇಖಾಂಶದ ಪಶ್ಚಿಮಕ್ಕಿದೆ. ಆದ್ದರಿಂದ ಅದು 47ಒ ಚೌಕದಲ್ಲಿ ಬರುತ್ತದೆ. ಅಕ್ಕಲಕೋಟವು ಆ ರೇಖೆಯ ಪೂರ್ವಕ್ಕಿದೆ; ಆದ್ದರಿಂದ ಅದು 56ಸಿ ಚೌಕದ 2ನೆಯ ಹಾಳೆಯಲ್ಲಿ ಬರುತ್ತದೆ. ನಲವತ್ತು ಕಿಲೋಮೀಟರಿನಷ್ಟು ಅಂತರದ ಎರಡು ಊರುಗಳಿಗೆ ಎರಡು ಬೇರೆ ಹಾಳೆಗಳು ಬೇಕು. ಒಂದು ಹಾಳೆಯು ನಮ್ಮ ಭಾಗದಲ್ಲಿ ಉತ್ತರ-ದಕ್ಷಿಣವಾಗಿ ಸುಮಾರು 27, ಪೂರ್ವ-ಪಶ್ಚಿಮವಾಗಿ ಸುಮಾರು 26 ಕಿಲೋಮೀಟರು ನೆಲವನ್ನು ತೋರಿಸುತ್ತದೆ.

ಗಡಿನಾಡಿನವರಿಗೆ ಈ ಹಾಳೆಗಳಲ್ಲಿ ವಿಶೇಷ ಉಪಯೋಗವೊಂದಿದೆ. ಅಕ್ಕಲಕೋಟವು 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಅದರ ಪೂರ್ವಕ್ಕೆ ನಿಜಾಮರ ಸೀಮೆ, ದಕ್ಷಿಣಕ್ಕೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಮೂರು ಆಡಳಿತಗಳ ದಫ್ತರು ಮೂರು ಕಡೆ ಉಳಿದವು. ಆದರೆ ಸರ್ವೆಯ ಹಾಳೆ ಗಡಿಯಲ್ಲಿ ನಿಲ್ಲುವುದಿಲ್ಲ. ಅತ್ತಲ ಊರನ್ನೂ ಇತ್ತಲ ಊರನ್ನೂ ಒಂದೇ ಪದ್ಧತಿಯಲ್ಲಿ ಬರೆದಿದೆ. ಹೀಗಾಗಿ ಭೀಮೆಯ ಎರಡೂ ದಂಡೆಗಳ ಹೆಸರುಗಳನ್ನು ಒಂದೆಡೆ ಇಟ್ಟು ಹೋಲಿಸಬಹುದು.

ಹೋಲಿಸಿದಾಗ ಕಾಣುವುದೇನು? ನಮ್ಮಲ್ಲಿ ಕರಜಗಿ, ಮೈಂದರ್ಗಿ, ಉಡಗಿ, ಹಂಜಗಿ, ಅಂಕಲಗಿ. ಅತ್ತ ಕಲಬುರಗಿ, ಸಾವಳಗಿ. ನಮ್ಮಲ್ಲಿ ಹನ್ನೂರ, ನಾಗಣಸೂರ, ತೋಳನೂರ, ಕುರನೂರ. 'ಊರು' ಎಂಬ ಕನ್ನಡದ ಮಾತು ಕೊನೆಯ ಉಕಾರವನ್ನು ಬಿಟ್ಟು 'ಊರ' ಆಗಿರುವುದು, ಹಳೆಯ 'ಗೆ' ಎಂಬ ಕೊನೆಯು, ಮನೆ 'ಮನಿ'ಯಾದಂತೆ, 'ಗಿ' ಆಗಿರುವುದು ಇಲ್ಲಿ ಕಾಣುತ್ತದೆ. ಒಂದು ಹೆಸರನ್ನು ಮಾತ್ರ ಹಿಡಿದು ವಾದಿಸಿದರೆ ಊಹೆಯಾದೀತು. ಸಾಲು ಸಾಲಾಗಿ ಹೆಸರುಗಳು ಒಂದೇ ರೀತಿಯಾಗಿ ಕೊನೆಗೊಂಡರೆ ಅದು ಆಧಾರವಾಗುತ್ತದೆ.

ಎರಡನೆಯ ಸಾಕ್ಷಿ: ಗ್ರಾಮದ ನಕಾಶೆ ಮತ್ತು ಸಾತ್‌ಬಾರಾ

ಸರ್ವೆಯ ಹಾಳೆಯಲ್ಲಿ ಊರು, ಹಳ್ಳ, ದಾರಿಗಳಿವೆ, ಹೊಲಗಳ ಹೆಸರಿಲ್ಲ. ಅದಕ್ಕಾಗಿ ಗ್ರಾಮದ ನಕಾಶೆಯ ಬಳಿಗೆ ಹೋಗಬೇಕು. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835-36ರ ಸುಮಾರಿಗೆ ಇಂದಾಪುರದಲ್ಲಿ ಆರಂಭಿಸಿದ ಭೂಮಾಪನದಿಂದ ಪ್ರತಿ ಹೊಲಕ್ಕೂ ಸರ್ವೆ ನಂಬರು ಕೊಡುವ ಪದ್ಧತಿ ಬೆಳೆಯಿತು. ಗ್ರಾಮದ ನಕಾಶೆ ಆ ಪದ್ಧತಿಯ ಕೂಸು. ತಾಲೂಕಿನ ಭೂಮಿ ಅಭಿಲೇಖ ಕಚೇರಿಯಲ್ಲಿ, ಅಂದರೆ ನಮ್ಮವರು ಮೋಜಣಿ ಆಫೀಸು ಎನ್ನುವಲ್ಲಿ, ಅರ್ಜಿ ಕೊಟ್ಟರೆ ಅದರ ಪ್ರತಿಯನ್ನು ಕೇಳಬಹುದು. ಈಗ 'ಮಹಾಭೂನಕಾಶಾ' ಎಂಬ ಸರಕಾರಿ ಜಾಲತಾಣದಲ್ಲಿಯೂ ಗ್ರಾಮ ನಕಾಶೆಗಳನ್ನು ನೋಡಬಹುದು.

ಇನ್ನು, ಪ್ರತಿ ರೈತನ ಮನೆಯಲ್ಲಿರುವ ಸಾತ್‌ಬಾರಾ ಉತಾರೆಯನ್ನು ತೆಗೆದು ನೋಡಿರಿ. ಅದರಲ್ಲಿ 'ಶೇತಾಚೇ ಸ್ಥಾನಿಕ ನಾವ' ಎಂಬ ಒಂದು ಕಲಮು ಇದೆ. ಹೊಲದ ಸ್ಥಳೀಯ ಹೆಸರೆಂದು ಅದರರ್ಥ. ಬಹಳಷ್ಟು ಉತಾರೆಗಳಲ್ಲಿ ಅದು ಖಾಲಿಯಾಗಿರುತ್ತದೆ. ಅದನ್ನು ತುಂಬಿಸಿದ ಕಡೆಗಳಲ್ಲಿ, ವಿಶೇಷವಾಗಿ ಹಳೆಯ ಕೈಬರಹದ ಉತಾರೆಗಳಲ್ಲಿ, ನಾಗರಿ ಅಕ್ಷರದಲ್ಲಿ ಕನ್ನಡದ ಮಾತೇ ಕುಳಿತಿರಬಹುದು. ಹೊಲವನ್ನು ಮಡ್ಡಿಯೆಂದೋ, ಎರಿಯೆಂದೋ, ಮಸಾರಿಯೆಂದೋ, ಗುಡಿಯ ಮುಂದಿನದೆಂದೋ ಕರೆಯುವುದು ನಮ್ಮ ರೂಢಿ. ನಾಲ್ಕು ತಲೆಮಾರುಗಳಿಂದ ಬಾಯಲ್ಲಿದ್ದ ಹೆಸರಿಗೆ ಸರಕಾರಿ ಕಾಗದದಲ್ಲಿ ಸ್ಥಾನವಿರುವುದು ಆ ಒಂದು ಕಲಮಿನಲ್ಲಿ.

ಇಲ್ಲಿ ಒಂದು ತೊಡಕು. 1947ರ ಕಾಯಿದೆಯ ಪ್ರಕಾರ ನಡೆದ ಏಕತ್ರೀಕರಣ ಯೋಜನೆಯಲ್ಲಿ ಅನೇಕ ಊರುಗಳ ಸರ್ವೆ ನಂಬರುಗಳು ಗಟ ನಂಬರುಗಳಾದವು. ಅಜ್ಜನ ಕಾಗದದ ನಂಬರು ಇಂದಿನ ಉತಾರೆಯಲ್ಲಿ ಸಿಗುವುದಿಲ್ಲ. ಹಳೆಯ ನಂಬರಿಗೂ ಹೊಸ ಗಟಕ್ಕೂ ತಾಳೆ ತೋರಿಸುವ ಪತ್ರಕವು ಅದೇ ಮೋಜಣಿ ಆಫೀಸಿನಲ್ಲಿರುತ್ತದೆ. ಅದನ್ನು ಕೇಳದೆ ಎರಡು ನಕಾಶೆಗಳನ್ನು ಒಂದರ ಮೇಲೊಂದು ಇಡಲು ಹೋದರೆ ಪಕ್ಕದವರ ಹೊಲದ ಹೆಸರು ನಿಮ್ಮ ಹೊಲಕ್ಕೆ ಬಂದೀತು.

ವೇಲ್ಸ್ ನಾಡಿನವರು ಮಾಡಿದ ಕೆಲಸ

ಇಂತಹ ಶೋಧ ನಮ್ಮಲ್ಲಿ ಮಾತ್ರ ಬೇಕಾದುದೆಂದು ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಗುಡ್ಡಗಾಡು ನಾಡಿಗೆ ತನ್ನದೇ ವೆಲ್ಶ್ ಭಾಷೆಯಿದೆ. ಅಲ್ಲಿ ನಕಾಶೆ ಮಾಡಿದ ಇಲಾಖೆ ಇಂಗ್ಲಿಷರದು. ಹೆಸರು ಹೇಳಿದವರು ವೆಲ್ಶ್ ಮಾತನಾಡುವ ಕುರಿಗಾರರು ಮತ್ತು ರೈತರು. ಅನೇಕ ಗುಡ್ಡಗಳ ಹೆಸರು ನಕಾಶೆಗೆ ಏರಲೇ ಇಲ್ಲ. ಕೆಲವು ತಪ್ಪು ಜಾಗದಲ್ಲಿ ಏರಿದವು.

ಅಲ್ಲಿ ಗುಡ್ಡಗಳ ಹೆಸರನ್ನು ಹುಡುಕುವವರಿಗೆ ಆಧಾರವಾಗಿರುವ ದಾಖಲೆಗಳಲ್ಲಿ ಮುಖ್ಯವಾದುದು ಚರ್ಚಿನ ದಶಾಂಶ ತೆರಿಗೆಯ ನಕಾಶೆ. 1836ರ ಕಾಯಿದೆಯ ನಂತರ ಆ ತೆರಿಗೆಯನ್ನು ಹಣದ ರೂಪಕ್ಕೆ ಬದಲಾಯಿಸಲು ಊರೂರಿನ ಹೊಲಗಳನ್ನು ಅಳೆದು, ಪ್ರತಿ ಹೊಲಕ್ಕೆ ಅಂಕಿ ಕೊಟ್ಟು, ಜೊತೆಯ ಪಟ್ಟಿಯಲ್ಲಿ ಒಡೆಯನ ಹೆಸರು, ಗೇಣಿದಾರನ ಹೆಸರು ಮತ್ತು ಬಹಳ ಕಡೆ ಹೊಲದ ಹೆಸರನ್ನು ಬರೆದರು. ನಮ್ಮ ಸಾತ್‌ಬಾರಾದ ಸ್ಥಳೀಯ ಹೆಸರಿನ ಕಲಮಿಗೆ ಅದು ಅಣ್ಣನಿದ್ದಂತೆ. ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯವು ಆ ನಕಾಶೆಗಳನ್ನು ಈಗ ಎಲ್ಲರೂ ನೋಡುವಂತೆ ಜಾಲತಾಣದಲ್ಲಿ ಇರಿಸಿದೆ. ಹೆಸರು ಹುಡುಕುವವರು ಹಳೆಯ ಪಟ್ಟಿಯಲ್ಲಿ ಹೆಸರನ್ನು ಕಂಡು, ಆ ಅಂಕಿಯನ್ನು ನಕಾಶೆಯಲ್ಲಿ ಹಿಡಿದು, ಕೊನೆಗೆ ಗುಡ್ಡದ ಕೆಳಗಿನ ರೈತನ ಮನೆಗೆ ಹೋಗಿ ಕೇಳುತ್ತಾರೆ. ಆ ನಾಡಿನ ಅತ್ಯುನ್ನತ ಶಿಖರವನ್ನು ಜಗತ್ತು ಸ್ನೋಡನ್ ಎಂದು ಕರೆಯುತ್ತಿತ್ತು. ಅಲ್ಲಿಯ ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರವು 2022ರಲ್ಲಿ ಅದರ ವೆಲ್ಶ್ ಹೆಸರನ್ನೇ ಬಳಸಲು ನಿರ್ಧರಿಸಿತು. ನಮ್ಮ ಪಕ್ಕದಲ್ಲಿಯೇ 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾದುದನ್ನು, ಬೆಳಗಾಂವ ಬೆಳಗಾವಿಯಾದುದನ್ನು ನಾವು ಕಂಡಿದ್ದೇವೆ.

ನಮ್ಮ ತಾಲೂಕಿನಲ್ಲಿ ಪರ್ವತಗಳಿಲ್ಲ. ಆದರೆ ಪ್ರತಿ ಊರಿಗೆ ಒಂದು ಮಡ್ಡಿ, ಒಂದು ದಿಬ್ಬ, ಎರಡು ಹಳ್ಳಗಳಿವೆ. ಗುಡ್ಡೇವಾಡಿ ಎಂಬ ನಮ್ಮ ಊರಿನ ಹೆಸರಲ್ಲೇ 'ಗುಡ್ಡ' ನಿಂತಿದೆ. ಅದರ ಬೆನ್ನಿಗೆ ಮರಾಠಿಯ 'ವಾಡಿ'ಯೂ ಇದೆ.

ನಕಾಶೆ ಓದುವಾಗ ಮೋಸ ಹೋಗಬಾರದ ಐದು ಕಡೆಗಳು

ಮೊದಲನೆಯದಾಗಿ, ಹೆಸರಿಗಿಂತ ಮುಂಚೆ ಜಾಗವನ್ನು ಗುರುತಿಸಬೇಕು. ನಮ್ಮ ಜಿಲ್ಲೆಯಲ್ಲೇ ಅಕ್ಕಲಕೋಟದ ಜೇವೂರವೂ ಇದೆ, ಕರಮಾಳಾ ತಾಲೂಕಿನಲ್ಲಿ ರೈಲು ನಿಲ್ದಾಣವಿರುವ ಜೇಊರವೂ ಇದೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ಅಕ್ಷಾಂಶ, ರೇಖಾಂಶವನ್ನಾಗಲಿ, 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೆ ಕೊಟ್ಟ ಆರು ಅಂಕಿಯ ಸಂಕೇತವನ್ನಾಗಲಿ ಜೊತೆಗೆ ಬರೆದುಕೊಂಡರೆ ಈ ಗೊಂದಲ ಬರುವುದಿಲ್ಲ.

ಎರಡನೆಯದಾಗಿ, ಎತ್ತರದ ಗುರುತಿನ ಪಕ್ಕದ ಹೆಸರು ದಿಬ್ಬದ ಹೆಸರೇ ಆಗಿರಬೇಕೆಂದಿಲ್ಲ. ತ್ರಿಕೋನ ಮಾಪನದವರು ತಮ್ಮ ಗುರುತಿನ ಕಲ್ಲಿಗೆ ಹತ್ತಿರದ ಹಳ್ಳಿಯ ಹೆಸರನ್ನೇ ಇಡುವುದುಂಟು. ಹಳೆಯ ಹಾಳೆಯಲ್ಲಿ ಎತ್ತರವು ಅಡಿಗಳಲ್ಲಿರುತ್ತದೆ, ಹೊಸದರಲ್ಲಿ ಮೀಟರುಗಳಲ್ಲಿ. ಅಂಕಿ ಬೇರೆಯೆಂದು ದಿಬ್ಬ ಬೇರೆಯೆಂದು ತಿಳಿಯಬಾರದು.

ಮೂರನೆಯದಾಗಿ, ಬುದ್ರುಕ, ಖುರ್ದ ಎಂಬ ಬಾಲಗಳು ಊರ ಹೆಸರಿನ ಭಾಗವಲ್ಲ. ಫಾರ್ಸಿಯಲ್ಲಿ ಅವಕ್ಕೆ ದೊಡ್ಡದು, ಚಿಕ್ಕದು ಎಂದರ್ಥ. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ದಫ್ತರಿನವರು ಹಚ್ಚಿದ ಗುರುತುಗಳವು. ಊರಿನವರು ತಮ್ಮೊಳಗೆ ಹಿರೇ-ಚಿಕ್ಕ ಎಂದೋ ಬೇರೆ ಏನೋ ಹೇಳುತ್ತಿರಬಹುದು. ಅದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು.

ನಾಲ್ಕನೆಯದಾಗಿ, ಹಳೆಯ ಹಾಳೆಯಲ್ಲಿರುವ ಊರು ಈಗ ಇಲ್ಲದಿರಬಹುದು, ಅಥವಾ ಜಾಗ ಬಿಟ್ಟಿರಬಹುದು. ದೀಪ ಹಚ್ಚುವವರಿಲ್ಲದ ಊರಿಗೆ ಬೇಚಿರಾಗ ಎಂದು ಕಂದಾಯದವರು ಕರೆಯುತ್ತಾರೆ. ಜನವಸತಿ ಹೋದರೂ ಅದರ ಹೆಸರು, ಸೀಮೆಗಳು ಗ್ರಾಮದ ನಕಾಶೆಯಲ್ಲಿ ಉಳಿಯುತ್ತವೆ. ಬೋರಿ ನದಿಗೆ ಕುರನೂರದ ಬಳಿ ಅಣೆಕಟ್ಟು ಕಟ್ಟುವ ಮುಂಚಿನ ಹಾಳೆಯನ್ನೂ ನಂತರದ ಹಾಳೆಯನ್ನೂ ಪಕ್ಕದಲ್ಲಿಟ್ಟರೆ ನೀರಿನ ಕೆಳಗೆ ಹೋದ ಹೊಳೆದಂಡೆಯ ದಾರಿಗಳು ಮಕ್ಕಳಿಗೆ ಕಾಣುತ್ತವೆ.

ಐದನೆಯದಾಗಿ, ಹೆಸರಿನ ಅರ್ಥವನ್ನು ಕಟ್ಟಲು ಅವಸರ ಮಾಡಬಾರದು. ತೋಳನೂರವು ತೋಳಗಳ ಊರೆಂದು ಸಾಧಿಸಲು ಯಾವ ನಕಾಶೆಯೂ ಸಾಲದು. ನಮ್ಮ ಜಿಲ್ಲಾ ಕೇಂದ್ರದ ಕಥೆಯೇ ಇದಕ್ಕೆ ಉತ್ತಮ ಉದಾಹರಣೆ. ಹದಿನಾರು ಹಳ್ಳಿ ಸೇರಿ ಸೋಲಾಪುರವಾಯಿತೆಂದು ಬಹಳ ಜನ ಹೇಳುತ್ತಾರೆ, ಏಕೆಂದರೆ ಮರಾಠಿಯಲ್ಲಿ 'ಸೋಳಾ' ಎಂದರೆ ಹದಿನಾರು. ಆದರೆ ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರ ಊರು ಸೊನ್ನಲಿಗೆ. ಮುಂದಿನ ಶಾಸನಗಳಲ್ಲಿ ಸೋನಲಪುರ, ಸಂದಲಪುರ ಎಂಬ ರೂಪಗಳು ಸಿಗುತ್ತವೆ. ಬ್ರಿಟಿಷರ ನಕಾಶೆಯಲ್ಲಿ ಅದು ಶೋಲಾಪುರವಾಯಿತು. ನಕಾಶೆಯನ್ನು ಮಾತ್ರ ನೋಡಿದವರು ಶೋಲಾಪುರದಲ್ಲಿ ನಿಲ್ಲುತ್ತಾರೆ. ಶಾಸನದವರೆಗೆ ಹೋದವರು ಸೊನ್ನಲಿಗೆಯನ್ನು ಕಾಣುತ್ತಾರೆ.

ಪ್ರಾಮಾಣಿಕತೆಯ ಮಾತು

ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಅಡಗಿದ ಕನ್ನಡದ ಕಡೆಗೆ ಶಂ.ಬಾ. ಜೋಶಿಯವರು ತಮ್ಮ 'ಕಣ್ಮರೆಯಾದ ಕನ್ನಡ'ದಲ್ಲಿ ಗಮನ ಸೆಳೆದು ಎಷ್ಟೋ ಕಾಲವಾಯಿತು. ಅವರ ಉತ್ಸಾಹ ನಮಗೆ ಬೇಕು. ಅದರೊಂದಿಗೆ ಎಚ್ಚರವೂ ಬೇಕು. ಗಡಿಯ ವಾದಕ್ಕೆ ಅಸ್ತ್ರವಾಗಲೆಂದು ಹೆಸರು ಹುಡುಕಿದರೆ ಬೇಕಾದುದೇ ಸಿಗುತ್ತದೆ, ಇದ್ದದ್ದು ಸಿಗುವುದಿಲ್ಲ.

ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗ ಕೂಡಲವನ್ನು ನೋಡಿರಿ. ಭೀಮಾ, ಸೀನಾ ನದಿಗಳು ಕೂಡುವ ಸ್ಥಳವದು. ನಕಾಶೆಯಲ್ಲಿ ನೀಲಿ ಗೆರೆಗಳೆರಡು ಸೇರುವಲ್ಲಿ ಬೆರಳಿಟ್ಟು 'ಕೂಡಲ' ಎಂದು ಮಗುವೊಂದು ಓದಿದರೆ ಅರ್ಥವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಕೂಡಲ ಎಂಬುದು ಕನ್ನಡದ ಮಾತು. ಆದರೆ ಅದೇ ಸ್ಥಳದ ಸಂಗಮೇಶ್ವರ ದೇವಾಲಯದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವಿದೆ, ಅತ್ಯಂತ ಹಳೆಯ ಮರಾಠಿ ಬರಹಗಳಲ್ಲಿ ಒಂದೆಂದು ಅದಕ್ಕೆ ಗೌರವವಿದೆ. ಸಾವಿರ ವರ್ಷಗಳ ಹಿಂದೆಯೇ ಈ ಮಣ್ಣಿನಲ್ಲಿ ಎರಡು ಭಾಷೆಗಳು ಒಟ್ಟಿಗೆ ಇದ್ದವು. ಗುಡ್ಡೇವಾಡಿಯಲ್ಲಿ ಇಂದಿಗೂ ಅವು ಒಟ್ಟಿಗಿವೆ. ಹುಡುಕಾಟದಲ್ಲಿ ಮರಾಠಿಯ ಅಥವಾ ಉರ್ದುವಿನ ಹೆಸರು ಸಿಕ್ಕರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಬರೆಯಬೇಕು. ಆಗ ಮಾತ್ರ ನಾವು ಬರೆದ ಕನ್ನಡದ ಹೆಸರನ್ನು ಇತರರು ನಂಬುತ್ತಾರೆ.

ಮನೆಯಲ್ಲಿ, ಶಾಲೆಯಲ್ಲಿ ಮಾಡಬಹುದಾದದ್ದು

ಒಂದು ದೊಡ್ಡ ವಹಿಯನ್ನು ಊರಿಗೊಂದರಂತೆ ತೆರೆಯೋಣ. ಪ್ರತಿ ಹೆಸರಿಗೆ ಒಂದು ಪುಟ. ಪುಟದಲ್ಲಿ ಆರು ಸಾಲು. ಜಾಗ ಎಲ್ಲಿದೆ? ಸರ್ವೆಯ ಹಾಳೆಯಲ್ಲಿ ಹೇಗಿದೆ, ಆ ಹಾಳೆ ಯಾವ ವರ್ಷದ್ದು? ಗ್ರಾಮದ ನಕಾಶೆಯಲ್ಲಿ ಮತ್ತು ಉತಾರೆಯಲ್ಲಿ ಹೇಗಿದೆ? ಶಾಲೆಯ ಹಳೆಯ ಜನರಲ್ ರಜಿಸ್ಟರಿನಲ್ಲಿ ಹೇಗಿದೆ? ಊರಿನ ಹಿರಿಯರು ಹೇಗೆ ಹೇಳುತ್ತಾರೆ, ಹೇಳಿದವರ ವಯಸ್ಸೆಷ್ಟು? ಕೊನೆಗೆ, ಮೇಲಿನವುಗಳಲ್ಲಿ ಎಷ್ಟು ಒಂದಕ್ಕೊಂದು ಹೊಂದುತ್ತವೆ? ಹೊಂದದಿದ್ದರೆ ಹಾಗೆಂದೇ ಬರೆದು ಬಿಡಬೇಕು. ಭಾರತ ಸರ್ವೇಕ್ಷಣ ಇಲಾಖೆಯ ಈಗಿನ ಹಾಳೆಗಳನ್ನು ಅದರ ಜಾಲತಾಣದಿಂದ ಪಡೆಯಬಹುದು. 1950ರ ದಶಕದಲ್ಲಿ ಅಮೆರಿಕದ ಸೈನ್ಯದ ನಕಾಶೆ ವಿಭಾಗವು ಅಚ್ಚು ಹಾಕಿದ 1:2,50,000 ಪ್ರಮಾಣದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಎಲ್ಲರಿಗೂ ತೆರೆದಿಟ್ಟಿದೆ.

ಹೆಸರಿನ ಬದಲಾವಣೆ ಬೇರೆ ವಿಷಯ. ಊರಿನ ಹೆಸರು ಬದಲಿಸಲು ರಾಜ್ಯದ ಪ್ರಸ್ತಾವವೂ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆಯೂ ಬೇಕು. ಗಟ್ಟಿ ಕಾರಣವಿಲ್ಲದೆ ಹಳೆಯ ಹೆಸರುಗಳನ್ನು ಬದಲಿಸಬಾರದೆಂಬ ಸೂಚನೆ 1953ರಿಂದಲೂ ಇದೆ. ನಾವು ಕೇಳಬೇಕಾದದ್ದು ಬದಲಾವಣೆಯನ್ನಲ್ಲ. ಶೇಕಡಾ 15ಕ್ಕಿಂತ ಹೆಚ್ಚು ಭಾಷಾ ಅಲ್ಪಸಂಖ್ಯಾತರಿರುವ ಕಡೆ ಮುಖ್ಯ ಸೂಚನೆಗಳು ಅವರ ಭಾಷೆಯಲ್ಲಿಯೂ ಇರಬೇಕೆಂಬ ರಕ್ಷಣೆ ಇದೆ. ಅದರಂತೆ ಊರ ಫಲಕದಲ್ಲಿ ಮರಾಠಿಯ ಜೊತೆಗೆ ಕನ್ನಡದ ಹೆಸರು ಊರಿನವರು ಉಚ್ಚರಿಸುವಂತೆ ಇರಲಿ ಎಂದು ಗ್ರಾಮಸಭೆಯಲ್ಲಿ ಕೇಳುವುದು ನ್ಯಾಯವಾದುದು. ಹಾಗೆ ಕೇಳಲು ಹೋದಾಗ ಕೈಯಲ್ಲಿ ವಹಿ ಇರಬೇಕು.

ಮೂರು ಕಾಗದ ತಂದಿದ್ದ ಆ ಪಾಲಕರ ವಿಷಯ ಹೇಳುವುದು ಉಳಿದಿದೆ. ಸರ್ವೆಯ ಹಾಳೆಯ ಪ್ರತಿ, ಗ್ರಾಮದ ನಕಾಶೆ, ಜನಗಣತಿಯ ಸಂಕೇತ, ಗ್ರಾಮ ಪಂಚಾಯತಿಯ ಪತ್ರ ಇವುಗಳನ್ನು ಸೇರಿಸಿ ಅವರು ಮತ್ತೆ ಅರ್ಜಿ ಕೊಟ್ಟರು. ಮೂರು ರೂಪಗಳೂ ಒಂದೇ ಊರಿನವೆಂಬುದು ಸಿದ್ಧವಾಯಿತು; ಎರಡು ತಿಂಗಳು ಹೋದವು, ಆದರೆ ಕೆಲಸವಾಯಿತು. ಉಚ್ಚಾರದ ಬಗೆಗೆ ಮಾತ್ರ ಯಾವ ಕಾಗದವೂ ಉತ್ತರ ಕೊಡಲಿಲ್ಲ. ಅದನ್ನು ಹೇಳಿದವರು ಅವರ ಮನೆಯ ಹಿರಿಯ ಅಜ್ಜಿ.

ಸರ್ವೆಯ ಹಾಳೆ ಇನ್ನೂ ನೂರು ವರ್ಷ ಉಳಿದೀತು. ಮೋಜಣಿ ಆಫೀಸಿನ ನಕಾಶೆಯೂ ಉಳಿದೀತು. ಹಳ್ಳದ ತಿರುವಿಗೆ, ಮಡ್ಡಿಯ ಮೇಲಿನ ಕಲ್ಲಿಗೆ, ಬಾವಿಯ ಹಿಂದಿನ ಹೊಲಕ್ಕೆ ಇರುವ ಹೆಸರುಗಳು ಇಂದು ಎಪ್ಪತ್ತು ದಾಟಿದವರ ಬಾಯಲ್ಲಿ ಮಾತ್ರ ಇವೆ. ಪಾಲಕರು ಈ ದೀಪಾವಳಿಯ ರಜೆಯಲ್ಲಿ ಮಕ್ಕಳ ಕೈಗೆ ಒಂದು ವಹಿ ಕೊಟ್ಟು ಅಜ್ಜ-ಅಜ್ಜಿಯರೊಂದಿಗೆ ಹೊಲಕ್ಕೆ ಕಳುಹಿಸಬೇಕೆಂದು ವಿನಂತಿ. ಮೊದಲ ಪುಟವನ್ನು ನಿಮ್ಮ ಮನೆಯ ಹೊಲದಿಂದಲೇ ಆರಂಭಿಸಿರಿ.